ಬಿಯರಿಗೂ ಚೀಸಿಗೂ ಜಾತಕ ಕೂಡಿಸಿದ್ದು

ನೆನಪು ಎಂಬುದನ್ನು ನಾನು ಸಾಕ್ಷಿ ಎಂದು ಒಪ್ಪುವವನಲ್ಲ. ಅದರಲ್ಲೂ ನನ್ನ ಸ್ವಂತ ನೆನಪನ್ನು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಕೊಯಮತ್ತೂರಿನ ಕಾಲೇಜೊಂದರಲ್ಲಿ ಅದನ್ನೇ ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಮೇಲೆ ಮನುಷ್ಯನಲ್ಲಿ ಉಳಿಯುವುದು ಎರಡೇ, ಬೆನ್ನುನೋವು ಮತ್ತು ಅನುಮಾನ. ಮನೆಯ ಬೀಗ ಹಾಕಿದ್ದೇನೆಂದು ನೆನಪಿದ್ದರೂ ಬೀದಿಯ ತುದಿಯಿಂದ ವಾಪಸು ಬಂದು ಎಳೆದು ನೋಡುತ್ತೇನೆ. ಹಾಕಿರುತ್ತೇನೆ. ಆದರೆ ಅದು ಕಾಕತಾಳೀಯವೂ ಇರಬಹುದಲ್ಲ? ಇಂಥ ನಾನು ಒಂದೇ ಒಂದು ನೆನಪನ್ನು ಮಾತ್ರ ಪರೀಕ್ಷೆಗೆ ಒಡ್ಡದೆ ಇಪ್ಪತ್ತು ವರ್ಷ ಮುದ್ದಿನಿಂದ ಸಾಕಿಕೊಂಡು ಬಂದಿದ್ದೆ.

ಅದು ಬೆಲ್ಜಿಯಂ ದೇಶದ್ದು. ಅಲ್ಲಿನ ವಿಶ್ವವಿದ್ಯಾಲಯವೊಂದಕ್ಕೆ ಮೂರು ತಿಂಗಳ ಮಟ್ಟಿಗೆ ಹೋಗಿದ್ದೆ. ಒಂದು ಸಂಜೆ, ಹೊರಗೆ ಕೊರೆಯುವ ಚಳಿ, ನನ್ನ ಕೈಯಲ್ಲಿ ಕಾಫಿ ಕಷಾಯದಷ್ಟು ಕಪ್ಪಗಿನ ಬಿಯರು, ಬಾಯಲ್ಲಿ ನೀಲಿ ಗೆರೆಗಳ ಒಂದು ಚೀಸಿನ ಚೂರು. ಅವೆರಡೂ ನಾಲಿಗೆಯ ಮೇಲೆ ಸಂಧಿಸಿದ ಕ್ಷಣ ನನ್ನ ಕಣ್ಣಲ್ಲಿ ನೀರು ಬಂತು. ಇದನ್ನು ನಾನು ನಾಮಕರಣ, ಮದುವೆ, ಗೃಹಪ್ರವೇಶಗಳಲ್ಲಿ ಹೇಳಿದ್ದೇನೆ. ತಿಥಿಯಲ್ಲೂ ಒಮ್ಮೆ ಹೇಳಿದೆನೆಂದು ಹೆಂಡತಿ ಭಾನು ಆಪಾದಿಸುತ್ತಾಳೆ. ಅವಳಿಗೆ ಈ ಕತೆಯ ಎಲ್ಲ ಆವೃತ್ತಿಗಳೂ ಬಾಯಿಪಾಠ. "ಹೋದ್ ಸಲ ಮಳೆ ಅಂದ್ರಿ, ಈ ಸಲ ಮಂಜು. ಮುಂದಿನ ಸಲ ಬಿಸ್ಲು ಬರ್ಬೋದು" ಎಂದು ಒಗ್ಗರಣೆ ಹಾಕುತ್ತಲೇ ಹೇಳುತ್ತಾಳೆ.

ಈ ನೆನಪು ಕೆಲಸಕ್ಕೆ ಬರುವ ದಿನ ಬಂದದ್ದು ಧಾರಿಣಿಯಿಂದ. ಧಾರಿಣಿ ನನ್ನ ಅಕ್ಕನ ಮಗಳು. ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಭಾವನದು ಎಂಟು ವಿದ್ಯುತ್ ಮಗ್ಗಗಳ ಶೆಡ್ಡು. ಅದರಲ್ಲಿ ನಾಲ್ಕು ಹಳೆಯ ಮಗ್ಗಗಳನ್ನು ಮಾರಿದಾಗ ಖಾಲಿಯಾದ ಅರ್ಧವನ್ನು ಇವಳು ಕಾಡಿ ಬೇಡಿ ಪಡೆದು, ಗೋಡೆ ಎಬ್ಬಿಸಿ, ಏಸಿ ಹಾಕಿಸಿ, ಚೀಸು ಮಾಡಲು ತೊಡಗಿದ್ದಳು. ಹೈನು ತಂತ್ರಜ್ಞಾನ ಓದಿದವಳು, ಕೈ ಚೆನ್ನಾಗಿದೆ. ಆದರೆ ಸೋಮನೂರಿನಲ್ಲಿ ಚೀಸು ಕೊಳ್ಳುವವರು ಯಾರು? ಭಾವ ಒಂದು ಚೂರನ್ನೂ ಬಾಯಿಗೆ ಹಾಕಿದವರಲ್ಲ. "ನಮ್ಮ ತಾತನ ಕಾಲದಲ್ಲಿ ಬೂಸ್ಟು ಹಿಡಿದ್ರೆ ಎಸೀತಿದ್ರು. ಇವಳು ಅದಕ್ಕೆ ಏಸಿ ಹಾಕಿದಾಳೆ" ಎನ್ನುವುದು ಅವರ ಒಟ್ಟು ಅಭಿಪ್ರಾಯ. ತಿಂಗಳ ಕೊನೆಯೊಳಗೆ ಒಂದು ಖಾಯಂ ಗಿರಾಕಿ ಸಿಗದಿದ್ದರೆ ಆ ಅರ್ಧಕ್ಕೂ ಮತ್ತೆ ಮಗ್ಗ ಇಳಿಸುವುದು ಎಂದು ಅವರು ತೀರ್ಮಾನಿಸಿಯಾಗಿತ್ತು.

ಅಷ್ಟರಲ್ಲಿ ಅವಳ ಫೋನು. "ಮಾಮ, ಬೆಂಗ್ಳೂರಲ್ಲಿ ಸ್ವಂತ ಬಿಯರ್ ಕಾಯಿಸೋ ಒಂದು ಪಬ್ಬಿಂದ ಶೆಫ್ ಬರ್ತಾರೆ, ಶನಿವಾರ. ಯಾವ ಬಿಯರ್‌ಗೆ ಯಾವ ಚೀಸ್, ಜತೆಗೆ ತಿನ್ನಕ್ಕೆ ಏನು ಅಂತ ನಾವೇ ಹೇಳ್ಬೇಕಂತೆ. ಸರಿ ಇದ್ರೆ ವಾರವಾರ ಆರ್ಡರ್. ನೀವ್ ತಾನೆ ಬೆಲ್ಜಿಯಂ ನೋಡಿರೋದು?"

ಇಪ್ಪತ್ತು ವರ್ಷದಲ್ಲಿ ಆ ಕತೆಯನ್ನು ತಾನಾಗಿ ಕೇಳಿದ ಮೊದಲ ವ್ಯಕ್ತಿ ಅವಳು. ನನಗೆ ರೆಕ್ಕೆ ಮೂಡಿತು. ಆದರೆ ಮಗುವಿನ ಬದುಕನ್ನು ನೆನಪಿನ ಮೇಲೆ ಕಟ್ಟಲಾಗುತ್ತದೆಯೇ? "ಪರೀಕ್ಷೆ ಮಾಡೋಣ, ಕಣ್ಣು" ಎಂದು ಈ ಕಡೆಯ ಮುದ್ದಿನ ಮಾತಿನಲ್ಲಿ ಹೇಳಿದೆ.

ಬಿಯರು ತರಲು ಮಾಲಿನೊಳಗಿನ ಸರ್ಕಾರಿ ಮದ್ಯದಂಗಡಿಗೆ ಹೋದೆ. ಗೋಧಿಯದು, ಕಹಿಯದು, ಕಪ್ಪನೆಯದು, ಮೂರು ಬಗೆ ಸಿಕ್ಕವು. ಬಾಟಲಿಗಳನ್ನು ಎದೆಗವಚಿಕೊಂಡು ತಿರುಗಿದರೆ ಹಿಂದೆಯೇ ಹಳೆಯ ವಿದ್ಯಾರ್ಥಿಯೊಬ್ಬ. "ಸಂಶೋಧನೆಗೆ" ಎಂದೆ. "ನಾನೂ ಅದಕ್ಕೇ ಬಂದಿದ್ದುಂಗ ಸಾರ್" ಎಂದು ಅವನು ಈ ಕಡೆಯ ಮರ್ಯಾದೆಯ 'ಉಂಗ' ಹಚ್ಚಿ ವಿನಯದಿಂದ ದಾರಿ ಬಿಟ್ಟ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಎದುರು ಮನೆಯವರಿಗೆ ಕಾಣದಂತೆ ಕಿಟಕಿಯ ಪರದೆ ಎಳೆದು, ನಮ್ಮ ಊಟದ ಮೇಜಿನ ಮೇಲೆ ಪ್ರಯೋಗ ಆರಂಭವಾಯಿತು. ಧಾರಿಣಿ ಮೂರು ಚೀಸು ತಂದಿದ್ದಳು: ಆಡಿನ ಹಾಲಿನ ಮೆತ್ತನೆಯದು, ಕರಿಮೆಣಸು ಹಾಕಿ ತಿಂಗಳುಗಟ್ಟಲೆ ಹಣ್ಣು ಮಾಡಿದ ಗಟ್ಟಿಯದು, ನೀಲಿ ಗೆರೆಯದು. ಹೋಲಿಕೆಗೆಂದು ನಾನು ನಾಲ್ಕನೆಯದೊಂದನ್ನು ಸೇರಿಸಿದೆ, ಅಂಗಡಿಯಲ್ಲಿ ಸಿಗುವ, ಮಕ್ಕಳ ಡಬ್ಬಿಗೆ ಹಾಕುವ, ಬೆಳ್ಳಿ ಕಾಗದದ ಚೀಸು. ಬಣ್ಣ ಕಾಣದಂತೆ ಸ್ಟೀಲ್ ಲೋಟಗಳು. ಪ್ರತಿಯೊಂದಕ್ಕೂ ಗುರುತಿನ ಚೀಟಿಯನ್ನು ಕನ್ನಡ ಅಕ್ಷರದಲ್ಲಿ ಬರೆದೆ. ನಮ್ಮ ಕುಟುಂಬದಲ್ಲಿ ಎಲ್ಲರೂ ಕನ್ನಡದಲ್ಲೇ ಜಗಳವಾಡುತ್ತಾರೆ, ಓದಲು ಬರುವುದು ನನಗೊಬ್ಬನಿಗೆ. ಇದಕ್ಕಿಂತ ಭದ್ರವಾದ ಗುಪ್ತಲಿಪಿ ಕೊಯಮತ್ತೂರಿನಲ್ಲಿ ಎಲ್ಲಿ ಸಿಗಬೇಕು?

ಭಾನು ಚೀಟಿಗಳನ್ನೂ ನನ್ನನ್ನೂ ನೋಡಿದಳು. "ನಮ್ಗೆ ಓದಕ್ಕೆ ಬರಲ್ಲ, ಸರಿ. ಕುಡಿಯೋದು ಯಾರು?"

"ನಾನು."

"ಓದಕ್ಕೆ ಬರೋದು?"

ಚೀಟಿಗಳನ್ನು ಕಸಕ್ಕೆ ಹಾಕಿ, ನನ್ನ ಕಣ್ಣಿಗೆ ಟವೆಲು ಕಟ್ಟಿ, ಹತ್ತಕ್ಕೆ ಇಷ್ಟೆಂದು ನಾನು ಹೇಳಿದ ಅಂಕಗಳನ್ನು ಭಾನು ತಮಿಳಿನಲ್ಲಿ ಬರೆದುಕೊಳ್ಳುವುದೆಂದು ಹೊಸ ಏರ್ಪಾಡಾಯಿತು.

ಎಂಥ ಬೆಳಗದು! ಕಣ್ಣು ಮುಚ್ಚಿದರೆ ನಾಲಿಗೆಗೆ ಇಷ್ಟೊಂದು ಬಾಗಿಲುಗಳಿವೆಯೆಂದು ನನಗೆ ಗೊತ್ತಿರಲಿಲ್ಲ. ಒಂದು ಗುಟುಕಿನಲ್ಲಿ ಬಾಳೆಹಣ್ಣಿನ ವಾಸನೆ, ಮತ್ತೊಂದರಲ್ಲಿ ಕಿತ್ತಳೆ ಸಿಪ್ಪೆ. ಚೀಸಿನ ಉಪ್ಪು ಬಂದು ಕಹಿಯನ್ನು ಕೈಹಿಡಿದು ಕೂರಿಸುತ್ತದೆ, ಕಹಿ ಎದ್ದು ಜಿಡ್ಡನ್ನು ಗುಡಿಸುತ್ತದೆ. ಸಂಬಂಧ ಕೂಡಿಸುವ ಜೋಯಿಸನ ಹಾಗೆ ನಾನು ಒಂದೊಂದು ಜೋಡಿಗೂ ಗಣ, ನಕ್ಷತ್ರ ನೋಡಿ ಅಂಕ ಕೂಗುತ್ತಿದ್ದೆ. ಒಂದು ಜೋಡಿಗೆ "ಎರಡು, ಬಟ್ಟೆ ಸೋಪು" ಎಂದೆ. ಕಡೆಯ ಹೊತ್ತಿಗೆ ಒಂದು ಜೋಡಿ ಬಾಯಿಗೆ ಬಿದ್ದದ್ದೇ ಟವೆಲಿನೊಳಗೆ ಕಣ್ಣು ಒದ್ದೆಯಾಯಿತು. "ಇದೇ! ಬರ್ಕೋ, ಹತ್ತು. ಆ ಸಂಜೆ ಇದೇ!"

ಭಾನು ಬರೆಯಲಿಲ್ಲ. ಧಾರಿಣಿ ನಿಧಾನವಾಗಿ ನನ್ನ ಟವೆಲು ಬಿಚ್ಚಿದಳು. ಮೇಜಿನ ಮೇಲೆ ಕಪ್ಪು ಬಿಯರಿನ ಪಕ್ಕದಲ್ಲಿ ಸುಲಿದ ಬೆಳ್ಳಿ ಕಾಗದ ಹೊಳೆಯುತ್ತಿತ್ತು. ಸೋಪು ಎಂದದ್ದು ಕಪ್ಪು ಬಿಯರು ಮತ್ತು ನೀಲಿ ಗೆರೆಯದು, ನನ್ನ ಬೆಲ್ಜಿಯಂ ಜೋಡಿ.

ಆಗ, ಆ ಬೆಳ್ಳಿ ಕಾಗದವನ್ನು ನೋಡುತ್ತಾ, ನಿಜವಾದ ಸಂಜೆ ತಾನಾಗಿ ಬಂದು ಎದುರು ಕುಳಿತಿತು. ನನಗಲ್ಲಿ ಕೊಡುತ್ತಿದ್ದ ಭತ್ಯೆ ಕಡಿಮೆ. ಬೆಳಗಿನ ಉಪಾಹಾರ ಹಾಸ್ಟೆಲಿನಲ್ಲಿ ಪುಕ್ಕಟೆ. ಅಲ್ಲಿ ಬುಟ್ಟಿಯಲ್ಲಿಡುತ್ತಿದ್ದ ಬೆಳ್ಳಿ ಕಾಗದದ ತ್ರಿಕೋನಗಳನ್ನು ಕೋಟಿನ ಜೇಬಿಗಿಳಿಸಿ, ಸಂಜೆ ಒಂದೇ ಒಂದು ಬಿಯರು ಕೊಂಡು, ಮೇಜಿನ ಕೆಳಗೆ ಸುಲಿದು ತಿನ್ನುತ್ತಿದ್ದೆ. ಕಣ್ಣೀರು ನಿಜ. ನೀಲಿ ಗೆರೆಯನ್ನು ಯಾವ ಮದುವೆಯಲ್ಲಿ ಸೇರಿಸಿದೆನೋ ತಿಳಿಯದು. ನನಗೆ ದುಃಖವಾಗಬೇಕಿತ್ತು, ಆದರೆ ಒಂದು ಪ್ರಯೋಗ ಇಷ್ಟು ಸೊಗಸಾಗಿ ಪ್ರಯೋಗ ಮಾಡಿದವನನ್ನೇ ಕೆಡವಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೇಜು ಗುದ್ದಿ ನಕ್ಕೆ.

"ನನ್ ನೀಲಿ ಚೀಸ್‌ಗೆ ಎರಡಾ, ಮಾಮ?" ಧಾರಿಣಿಯ ದನಿ ಕೇಳಿ ನಗು ನಿಂತಿತು. "ಒಬ್ಬನ ನಾಲಿಗೆ ಲೆಕ್ಕಕ್ಕಿಲ್ಲ ಕಣ್ಣು, ಅದು ಪ್ರಮಾಣವಲ್ಲ" ಎಂದು ಪಾಠ ಶುರು ಮಾಡಿದೆ. ಅವಳು ತಡೆದಳು. "ಪ್ರಮಾಣ ಬೇಡ. ಶನಿವಾರ ನೀವು ಆ ಹಳೇ ಕತೆನೇ ಹೇಳಿ. ಅದು ಚೆನ್ನಾಗಿದೆ. ಇಲ್ಲಾಂದ್ರೆ ಅಪ್ಪ ಮಗ್ಗ ಇಳಿಸ್ತಾರೆ." ಹೇಳುತ್ತೇನೆಂದು ಮಾತು ಕೊಟ್ಟೆ.

ಶನಿವಾರ ಶೆಫ್ ಬಂದ, ಅದೇ ಮೂರು ಬಗೆಯ ಬಿಯರನ್ನೂ ಜತೆಗೆ ತಂದಿದ್ದ. ಬೆಂಗಳೂರಿನ ನುಣುಪು ಕನ್ನಡದ ಹುಡುಗ. ಅವನು ಪ್ರತಿ ವಾಕ್ಯ ಮುಗಿಸಿದಾಗಲೂ ನಮಗೆ ಆಕಾಶವಾಣಿ ಕೇಳಿದಂತಾಗುತ್ತಿತ್ತು. ಗೋಡೆಯಾಚೆ ನಾಲ್ಕು ಮಗ್ಗ ಬಡಿಯುತ್ತಿದ್ದವು. ಭಾವ ಮೀಸೆಯ ಮೇಲೆ ಹತ್ತಿಯ ಧೂಳು ಹೊತ್ತು ಬಾಗಿಲಿಗೆ ಒರಗಿದ್ದರು. ನಾನು "ಬೆಲ್ಜಿಯಂನಲ್ಲಿ ಒಂದು ಸಂಜೆ" ಎಂದು ಆರಂಭಿಸಿದೆ. ಮಂಜೂ ಬಿತ್ತು. ನೀಲಿ ಗೆರೆಯ ಹತ್ತಿರ ಬರುವಾಗ ನಾಲಿಗೆ ತಡವರಿಸಿ, ಹಾಸ್ಟೆಲು, ಜೇಬು, ಬೆಳ್ಳಿ ಕಾಗದ, ಸೋಪು, ಎರಡು ಅಂಕ, ಎಲ್ಲವೂ ಹೊರಗೆ ಬಂದವು. ಧಾರಿಣಿ ಚೀಸಿನ ಚಾಕುವನ್ನು ಹಿಡಿದ ರೀತಿ ಕಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಶೆಫ್ ತಲೆ ಕೆರೆದುಕೊಂಡ. "ನಿಮ್ಮ ವಿಷಯ ಬಿಡಿ ಸಾರ್, ನೀವು ತುಂಬಾ ಯೋಚನೆ ಮಾಡ್ತೀರ. ಚೀಸೂ ಗೊತ್ತಿಲ್ಲದ, ಬಿಯರೂ ಗೊತ್ತಿಲ್ಲದ ಯಾರಾದ್ರೂ ಇಲ್ಲಿದ್ದಾರಾ? ನಮ್ಮಲ್ಲಿಗೆ ಬರೋರೆಲ್ಲ ಅಂಥವರೇ."

ಎಲ್ಲರೂ ಭಾವನ ಕಡೆ ತಿರುಗಿದೆವು. "ಅಪ್ಪ ಕುಡಿಯಲ್ಲ" ಎಂದಳು ಧಾರಿಣಿ. ಭಾವ ಶೆಡ್ಡಿನ ಸ್ವಿಚ್ಚು ಆರಿಸಿ ಬಂದರು. "ಒಂದ್ ಗುಟುಕು. ಮಗಳಿಗೋಸ್ಕರ."

ಅವರು ಲೋಟವನ್ನು ಓರೆ ಮಾಡಿ ನೊರೆ ನೋಡಿದ ರೀತಿಯಲ್ಲೇ ನನಗೆ ಏನೋ ಅನುಮಾನವಾಯಿತು. ಮೂಸಿದರು. ಗುಟುಕರಿಸಿ ಬಾಯಲ್ಲಿ ಸುತ್ತಿಸಿದರು. ಆಮೇಲೆ ತಮ್ಮ ಬಾಳಿನಲ್ಲೇ ಮೊದಲ ಸಲ ಮಗಳ ಚೀಸನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನೂಲಿನ ಗುಣ ಹೇಳುವ ದನಿಯಲ್ಲೇ ಹೇಳತೊಡಗಿದರು. "ಗೋಧೀದಕ್ಕೆ ಆಡಿನ ಹಾಲಿಂದು ಇಡಿ, ಜತೆಗೆ ಮಾವಿನಕಾಯಿ ಹೋಳು. ಕಹೀದಕ್ಕೆ ಈ ಮೆಣಸಿಂದು ಬಿಟ್ಟು ಬೇರೆ ಸೇರಲ್ಲ. ತಿನ್ನಕ್ಕೆ ಬೇಯಿಸಿದ ಕಡ್ಲೆಕಾಯಿ. ಕರೀದಕ್ಕೆ ಈ ಬೂಸ್ಟು ಹಿಡಿದದ್ದೇ. ಆದ್ರೆ ಒಂದ್ ಚೂರು ತಾಟಿಬೆಲ್ಲ ಕೂಡ ಇಟ್ರೆ ಅದರ ಕೊಬ್ಬು ಅಡಗುತ್ತೆ." ಲೋಟವನ್ನು ಅಂಗೈಗೆ ಒತ್ತಿ ನೋಡಿ, "ಕರೀದನ್ನ ಇಷ್ಟು ತಣ್ಣಗೆ ಕೊಡ್ಬಾರ್ದು" ಎಂದರು.

ಅಡುಗೆಮನೆಯಿಂದ ತಾಳೆಮರದ ರಸದ ಆ ತಾಟಿಬೆಲ್ಲ ತರಿಸಿದೆವು. ಶೆಫ್ ತಿಂದ, ಕುಡಿದ, ಮತ್ತೆ ತಿಂದ. ನಾನೂ ತಿಂದೆ. ಆ ಸೋಪು ಎಲ್ಲಿ ಹೋಯಿತೋ! ಬೆಲ್ಲ ನಡುವೆ ನಿಂತು ಇಬ್ಬರು ಜಗಳಗಂಟರನ್ನು ನಂಟರನ್ನಾಗಿ ಮಾಡಿತ್ತು. ಶೆಫ್ ಅಲ್ಲೇ ಫೋನಿನಲ್ಲಿ ಆರ್ಡರು ಬರೆದುಕೊಂಡ: ಮೂರೂ ಚೀಸು, ವಾರವಾರ. ಧಾರಿಣಿ ಅಪ್ಪನ ತೋಳು ಹಿಡಿದು ನಿಂತಳು. "ಇನ್ನೊಂದ್ ಏಸಿ ಬೇಕಾಗುತ್ತಾ?" ಎಂದರು ಭಾವ.

ಆಗ ನೋಡಿದೆವು, ಬಾಗಿಲಲ್ಲಿ ಚಕ್ಕುಲಿಯಂಥ ಮುರುಕಿನ ತಟ್ಟೆ ಹಿಡಿದು ಅಕ್ಕ. ಎಷ್ಟು ಹೊತ್ತಿನಿಂದ ಇದ್ದಳೋ. ಮಗ್ಗಗಳು ನಿಂತಿದ್ದರಿಂದ ಅವಳ ಮೆಲುದನಿಯೂ ಸ್ಪಷ್ಟವಾಗಿ ಕೇಳಿಸಿತು. "ಇದನ್ನೆಲ್ಲ ನಿಮ್ಗೆ ಯಾರುಂಗ ಹೇಳ್ಕೊಟ್ಟಿದ್ದು?"

ಭಾವ ರೆಪ್ಪೆ ಬಡಿಯಲಿಲ್ಲ. "ನಿನ್ ತಮ್ಮ" ಎಂದರು.

ಅಂದಿನಿಂದ ಅಕ್ಕ ನನ್ನೊಡನೆ ಅಳತೆ ಮಾಡಿ ಮಾತಾಡುತ್ತಾಳೆ. ಅವಿನಾಶಿ ಎಂಬ ಊರಿನ ನಂಟರ ಮದುವೆಯಲ್ಲಿ ಹಿರಿಯರೊಬ್ಬರು ನನ್ನನ್ನು ಮೂಲೆಗೆ ಕರೆದು, ಇದ್ದ ಒಬ್ಬ ಒಳ್ಳೆಯ ಭಾವನನ್ನೂ ಕೆಡಿಸಿದೆಯಲ್ಲ ಎಂದು ಬುದ್ಧಿ ಹೇಳಿದರು. ಇಪ್ಪತ್ತು ವರ್ಷ ನಾನು ವಿವರವಾಗಿ ಹೇಳಿದ್ದನ್ನು ಯಾರೂ ನಂಬಲಿಲ್ಲ. ಭಾವ ಎರಡು ಪದದಲ್ಲಿ ಹೇಳಿದ ಸುಳ್ಳನ್ನು ಇಡೀ ಕುಲವೇ ನಂಬಿದೆ. ನಿರಾಕರಿಸೋಣವೆಂದು ಎರಡು ಸಲ ಬಾಯಿ ತೆರೆದೆ. ನಿರಾಕರಿಸಿದರೆ ಭಾವ ಎಲ್ಲಿ ಕಲಿತರೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಎದ್ದರೆ ಅಕ್ಕ ಮೊದಲು ಬೀಗ ಹಾಕಿಸುವುದು ಚೀಸಿನ ಕೋಣೆಗೇ. ಸುಮ್ಮನಾದೆ. ಆದರೆ ನನ್ನನ್ನು ಕಾಡುತ್ತಿರುವುದು ಅದಲ್ಲ. ಮೊನ್ನೆ ಬಸ್ಸಿನಲ್ಲಿ ಕೂತಿದ್ದಾಗ, ಭಾವನಿಗೆ ನಾನು ಹೇಳಿಕೊಟ್ಟ ಮಧ್ಯಾಹ್ನ ಇದ್ದಕ್ಕಿದ್ದಂತೆ ಕಣ್ಣಮುಂದೆ ಬಂತು. ಬೇವಿನ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಲೋಟವನ್ನು ಹೇಗೆ ಓರೆ ಮಾಡಬೇಕೆಂದು ನಾನು ತೋರಿಸುತ್ತಿದ್ದೇನೆ. ಭಾವ ಶ್ರದ್ಧೆಯಿಂದ ನೋಡುತ್ತಿದ್ದಾರೆ. ಅವರು ತೊಟ್ಟಿದ್ದ ಅಂಗಿಯ ಬಣ್ಣವನ್ನೂ ಹೇಳಬಲ್ಲೆ.