ಕಣ್ಣು ಮುಚ್ಚಿ ಹಾಡಿದ ವಿಡಿಯೋ

ಗಾಯಕರಿಗೆ ಆಡಿಯೋ ಕಂಪನಿಯವರ ಮೇಲೆ ಕೆಂಡದಂಥ ಕೋಪ. ಹೋದ ಸಲದ ವಿಡಿಯೋದಲ್ಲಿ ಯಾರೋ ಹುಡುಗ, ಯಾರೋ ಹುಡುಗಿ, ಒಂದು ಕುದುರೆ ಎಲ್ಲ ಇದ್ದವು. ಹಾಡಿದವರು ಮಾತ್ರ ಇರಲಿಲ್ಲ. (ಕುದುರೆ ಮೂರು ಸಲ ಬಂದಿತ್ತು.) ಈ ಸಲ ಜಗಳವಾಡಿ, ವಿಡಿಯೋ ಪೂರ್ತಿ ತಮ್ಮ ಇಷ್ಟದಂತೆಯೇ ಎಂದು ಬರೆಸಿಕೊಂಡ ಮೇಲೇ ಸಹಿ ಹಾಕಿದರು.

ಸಾರ್ವಭೌಮತ್ವ ಕೈಗೆ ಬಂದ ಮೇಲೆ ತಡವೇಕೆ? ನಡುಮನೆಯಲ್ಲಿ ಕುರ್ಚಿ ಹಾಕಿ, ಮದುವೆ ವಿಡಿಯೋ ತೆಗೆಯುವ ಭಾವಮೈದನನ್ನು ಕರೆಸಿದರು. "ಏನೇ ಆದ್ರೂ ಕ್ಯಾಮೆರಾ ಅಲ್ಲಾಡಬಾರ್ದು. ನಡುವೆ ಬಾಯಿ ಹಾಕಬಾರ್ದು!" ಮೊದಲೇ ಧ್ವನಿಮುದ್ರಣ ಮಾಡಿಸಿದ್ದ ವಿರಹಗೀತೆಯನ್ನು ಜೋರಾಗಿ ಹಾಕಿ, ಕಣ್ಣು ಮುಚ್ಚಿ ತುಟಿ ಆಡಿಸಿದರು. ಮುಗಿದಾಗ ಕೆನ್ನೆಯ ಮೇಲೆ ಅಸಲಿ ಕಣ್ಣೀರು.

"ಭಾವ, ನಿಮ್ಮ ಹಿಂದೆ ಏನಾಯ್ತು ಅಂದ್ರೆ..."

"ಕಲಾವಿದ ಹಿಂದೆ ನೋಡಲ್ಲ ಕಣಯ್ಯಾ!"

ಹೆಂಡತಿ ಎರಡು ದಿನ ಮಾತಾಡಲಿಲ್ಲ. ಹಾಡು ಅವಳ ಕರುಳನ್ನೇ ಹಿಂಡಿದೆ ಎಂದುಕೊಂಡರು. ವಿಡಿಯೋವನ್ನು ಹನ್ನೊಂದು ಸಲ ನೋಡಿ ಒಪ್ಪಿಗೆ ಕೊಟ್ಟರು. ಹನ್ನೊಂದು ಸಲವೂ ನೋಡಿದ್ದು ತಮ್ಮ ಮುಖವನ್ನೇ.

ಬಿಡುಗಡೆಯಾದ ದಿನ ಮಧ್ಯಾಹ್ನವೇ ಅಕ್ಕನ ಫೋನು. "ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು ಕಣೋ!"

ವಿರಹಗೀತೆಗೆ ನಗುವೇ? ಗಾಯಕರು ವಿಡಿಯೋ ಮತ್ತೆ ಹಾಕಿದರು. ಹನ್ನೆರಡನೆಯ ಸಲ, ಮುಖ ಬಿಟ್ಟು ಉಳಿದದ್ದನ್ನು ನೋಡಿದರು.

ಬೆನ್ನ ಹಿಂದೆ ಹೆಂಡತಿ ಏಣಿ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದಳು. ಮೊದಲ ಚರಣದಲ್ಲಿ ಏಣಿ ಜಾರಿತು. ಎರಡನೆಯ ಚರಣ ಪೂರ್ತಿ ಅವಳು ಅಟ್ಟದ ಅಂಚಿಗೆ ನೇತಾಡುತ್ತ ಬಾಯಿಬಾಯಿ ಬಿಡುತ್ತಿದ್ದಳು. ಮುಂದೆ ಪತಿದೇವರು, ಈ ಮನೆಯಲ್ಲಿ ನಾನೊಬ್ಬನೇ ಎಂದು ಹಾಡುತ್ತ ಅಳುತ್ತಿದ್ದರು. ಮೂರನೆಯ ಚರಣದಲ್ಲಿ ಅವಳು ಹೇಗೋ ಬೀರುವಿನ ಮೇಲೆ ಕಾಲೂರಿ ತಾನೇ ಇಳಿದಳು.

ಗಾಯಕರು ಹೆಂಡತಿಯ ಬಳಿಗೆ ಓಡಿದರು. ಬಿದ್ದಿದ್ದರೆ ಗತಿಯೇನು?

"ನೀನು... ನೇತಾಡ್ತಿದ್ಯಾ?"

"ಒಂಬತ್ತು ಸಲ ಕೂಗಿದೆ. ನಿಮ್ಮ ಹಾಡಿನ ಅಬ್ಬರದಲ್ಲಿ ಕೇಳಿಸ್ಬೇಕಲ್ಲ! ನನ್ನ ತಮ್ಮನಿಗೋ, ಕ್ಯಾಮೆರಾ ಬಿಟ್ಟು ಬರಬಾರ್ದು ಅಂತ ಭಾವನ ಅಪ್ಪಣೆಯಂತೆ."

"ಈಗ್ಲೇ ತೆಗೆಸಿಹಾಕ್ತೀನಿ!" ಎನ್ನುವಷ್ಟರಲ್ಲಿ ಕಂಪನಿಯವರ ಫೋನು. "ಅದ್ಭುತ ಸಾರ್! ಮುಂದಿನ ಹಾಡೂ ಹೀಗೇ ಬೇಕು. ಸ್ವಲ್ಪ ಅಮ್ಮಾವ್ರಿಗೆ ಕೊಡಿ."

ಅವಳು ಎಲ್ಲ ಕೇಳಿಸಿಕೊಂಡಳು. "ಆಗ್ಲಿ. ಆದ್ರೆ ವಿಡಿಯೋ ಪೂರ್ತಿ ನಾನು ಹೇಳಿದ ಹಾಗೆ. ಬರೆದುಕೊಡಿ. ಹಾಡು ಬೇಕಾದ್ರೆ ಇವರದೇ ಇರ್ಲಿ, ಏಣಿ ಹಿಡ್ಕೊಂಡು ನಿಂತಿರ್ತಾರೆ."

ಗಾಯಕರು ಮೆಲ್ಲಗೆ ಕೇಳಿದರು: "ಮುಖ ಕಾಣ್ಸುತ್ತಾ?"

"ಗೋಡೆ ಕಡೆ ತಿರುಗಿ ಹಿಡ್ಕೊಳ್ಳಿ. ಕಣ್ಣು ಮಾತ್ರ ಬಿಟ್ಕೊಂಡಿರಿ."