ನಮ್ಮ ಕಾರಿಗೆ ಉಸಿರು ಕೊಡಿಸಿದ್ದು

ಆಳಂದದಲ್ಲಿ ಇಪ್ಪತ್ತೆರಡು ವರ್ಷದಿಂದ ಬೇಳೆ ಗಿರಣಿ ನಡೆಸುತ್ತಿರುವ ನನಗೆ ಇಲ್ಲಿಯವರೆಗೆ ಯಾರೂ ಟೋಪಿ ಹಾಕಿಲ್ಲ. ತೊಗರಿ ಚೀಲದೊಳಗೆ ಕೈ ಹಾಕಿದರೆ ಸಾಕು, ಮಾಲು ಎಷ್ಟು ಹಸಿ ಇದೆ, ತಂದವನು ಎಷ್ಟು ಸುಳ್ಳು ಹೇಳಲಿದ್ದಾನೆ ಎಂಬುದು ಅಂಗೈಗೆ ತಿಳಿಯುತ್ತದೆ. ಆದರೆ ಕಲಬುರಗಿಯ ಅಂಗಡಿಯೊಂದರಲ್ಲಿ ಗಾಜಿನ ಕಪಾಟಿನೊಳಗೆ ವಿರಾಜಮಾನವಾಗಿದ್ದ ಆ ಕೆಂಪು ಏರ್ ಫಿಲ್ಟರನ್ನು ಕಂಡಾಗ ಅಂಗೈ ಏನೂ ಹೇಳಲಿಲ್ಲ. ಅದು ಆಗಲೇ ಇನ್ನೊಂದು ಅಂಗೈಯ ಜೊತೆ ಸೇರಿ ಮುಗಿದುಕೊಂಡಿತ್ತು.

ಏನು ಠೀವಿ ಅದರದು! ಬೆಳ್ಳಿ ಬಳೆ ತೊಟ್ಟ ಕೆಂಪು ಕಿರೀಟ. "ನಿಮ್ಮ ಗಾಡಿಗೆ ಉಸಿರ ಕಟ್ಟೇದ್ರಿ ಸಾವ್ಕಾರ್ರ," ಎಂದ ಅಂಗಡಿಯವನು, ನಮ್ಮ ಕಾರನ್ನು ನೋಡದೆಯೇ. (ದೊಡ್ಡ ವೈದ್ಯರು ಹೀಗೇ ಇರುತ್ತಾರೆ.) ಊದಿ ನೋಡಿದೆ, ಗಾಳಿ ಸಲೀಸಾಗಿ ಆ ಕಡೆ ಹೋಯಿತು. ನಮ್ಮ ಕಾರು ಏರು ಬಂದಲ್ಲೆಲ್ಲ ಏದುಸಿರು ಬಿಡುತ್ತಿದ್ದುದು ನಿಜವೇ. ಅವನ ಕೈಯಿಂದಲೇ ಹಳೆಯ ಕಾಗದದ ಫಿಲ್ಟರಿದ್ದ ಕರಿ ಡಬ್ಬಿ ಬಿಚ್ಚಿಸಿ ಕಿರೀಟಧಾರಣೆ ಮಾಡಿಸಿದೆ.

ಮನೆಯಲ್ಲಿ ದ್ರೌಪದಿ, ಅಂದರೆ ನನ್ನ ಹೆಂಡತಿ, ಬಾನೆಟ್ಟಿನೊಳಗೆ ಇಣುಕಿ ಕೇಳಿದಳು.

"ಇದೇನ್ರಿ, ಕೆಂಪಂದು?"

"ಗಾಡಿ ಈಗ ಹುಲಿ ಆಗೇದ ನೋಡ್."

"ಗಾಡಿ ಎಳೀಲಿಲ್ಲಂದ್ರ ಗಾಳಿಗ್ಯಾಕ ಬೈತೀರಿ? ಒಂದ್ಸಲ ನನ್ನ ಕೈಯಾಗ ಕೊಟ್ಟ ನೋಡ್ರಿ."

ಹೇಳುವುದು ಮರೆತೆ. ಇವಳು ಲೈಸೆನ್ಸ್ ಮಾಡಿಸಿ ಎರಡು ವರ್ಷವಾಗಿದೆ. ಸ್ಟೇರಿಂಗ್ ಮಾತ್ರ ನಾನು ಕೊಟ್ಟಿಲ್ಲ. ಗಂಡಸಿಗೆ ಮನೆಯಲ್ಲಿ ಉಳಿದಿರುವ ಕುರ್ಚಿ ಅದೊಂದೇ.

"ಆಯ್ತು. ಐತಾರ ನಿನ್ನ ತಮ್ಮನ ಮನೀಗಿ ಹೋಗೋದದ ಅಲ್ಲ? ಮಣ್ಣೂರ ಎರಡು ತಾಸಿನ್ಯಾಗ ಮುಟ್ಟಲಿಲ್ಲಂದ್ರ ಕಾರಿನ ಕೀಲಿ ನಿನಗ, ಖಾಯಂ!"

"ಮಾತ ಅಂದ್ರ ಮಾತ ನೋಡ್ರಿ ಮತ್ತ," ಎಂದು ಅವಳು ನಕ್ಕ ರೀತಿ ನನಗೆ ಸರಿ ಬರಲಿಲ್ಲ.

ಸೋಲುವ ಮಾತೇ ಇರಲಿಲ್ಲ. ಆದರೂ ಹೊರಡುವ ಹಿಂದಿನ ದಿನ, ಫಿಲ್ಟರಿನ ಜೊತೆ ಬಂದಿದ್ದ ಎಣ್ಣೆ ಬಾಟಲಿ ಕಣ್ಣಿಗೆ ಬಿತ್ತು. ಫಿಲ್ಟರಿನ ಮಡಿಕೆಗೊಂದರಂತೆ ಸಣ್ಣ ಹನಿ ಹಾಕಬೇಕೆಂದು ಚೀಟಿಯಲ್ಲಿ ಬರೆದಿತ್ತು. ಎಣ್ಣೆಯ ವಿಷಯದಲ್ಲಿ ಚೀಟಿ ನನಗೆ ಪಾಠ ಹೇಳುವುದೆ? ತೊಗರಿಯ ಸಿಪ್ಪೆ ಬಿಡಲೆಂದು ವರ್ಷಕ್ಕೆ ಸಾವಿರಾರು ಚೀಲಕ್ಕೆ ಎಣ್ಣೆ ತಿಕ್ಕಿಸಿ ಬಿಸಿಲಿಗೆ ಹರವುವ ಮನುಷ್ಯ ನಾನು! ಬಾಟಲಿ ಪೂರ್ತಿ ಬಗ್ಗಿಸಿ, ಅಂಗೈಯಿಂದ ತಿಕ್ಕಿ, ಮಾಳಿಗೆಯ ಮೇಲೆ ಒಣಗಿಸಿ, ಮತ್ತೆ ಕೂಡಿಸಿದೆ.

ಐತವಾರ ಕಾರು ಹೊರಟ ಸದ್ದಿಗೆ ನನಗೇ ರೋಮಾಂಚನವಾಯಿತು. ಭೋರ್ ಎಂದು ಗರ್ಜಿಸುತ್ತಿತ್ತು. ಹೊಲದಲ್ಲಿ ರಾಶಿ ಮಾಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು.

"ನೋಡ್ದೇನು ವೇಗ!" ಎಂದೆ.

"ವೇಗ ಕಿವ್ಯಾಗ ಅದ ರೀ. ಹಿಂದಿಂದ ಟ್ರ್ಯಾಕ್ಟರ್ ಹಾರ್ನ್ ಹೊಡ್ಯಾಕತ್ತೇದ, ಸೈಡ್ ಕೊಡ್ರಿ."

ಅಫಜಲಪುರ ಬರುವಷ್ಟರಲ್ಲಿ ಹುಲಿಗೆ ಬಿಕ್ಕಳಿಕೆ ಹತ್ತಿತು. ಮುಂದೆ ಜಿಗಿಯುವುದು, ನಿಲ್ಲುವುದು, ಮತ್ತೆ ಜಿಗಿಯುವುದು. ಹಾಗೇ ಜಿಗಿಯುತ್ತ ಊರ ಅಂಚಿನ ಗ್ಯಾರೇಜಿಗೆ ಹೋಗಿ ಬಿದ್ದೆವು. ಗ್ಯಾರೇಜಿನ ಒಡತಿ ಮೆಹನಾಜ ಕಾರಿನ ಗಾಜಿನ ಮೇಲಿದ್ದ ನಮ್ಮ ಗಿರಣಿಯ ಹೆಸರು ಓದಿ, ಬಾನೆಟ್ ಎತ್ತಿ, ಬೆರಳಿಂದ ಒರೆಸಿ, ಮೂಸಿ ನೋಡಿದಳು.

"ಕಾಕಾ, ಇದಕ್ಕ ಭಜಿ ಕರದೀರೇನು? ಗಾಳಿ ಅಳತಿ ಮಾಡೋ ಸೆನ್ಸರ್‌ಗೆಲ್ಲ ಎಣ್ಣಿ ಬಡದದ."

"ಗಾಳಿ ಹೆಚ್ಚ ಬರ್ತದಂತ ಹಾಕ್ಸೇನವ್ವಾ..."

"ನಿಮ್ಮ ಗಿರಣಿ ಬಾಗಿಲಾ ಅಗಲ ಮಾಡಿದ್ರ ಬ್ಯಾಳಿ ಹೆಚ್ಚ ಒಡೀತದೇನು? ಮಷೀನ್ ಅಷ್ಟೇ ಅದ ಅಲ್ಲ? ದಿನಾ ಓಡಸೋ ಗಾಡಿಗಿ ಕಾಗದದ ಫಿಲ್ಟರ್ ಬೇಷ್. ಹೊಲಸಾದ್ರ ಬದಲಿ ಮಾಡ್ರಿ, ಮುಗೀತು."

ಎಂಜಿನ್ನಿಗೆ ಗಾಳಿ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ತೋರಿಸಿದಳು. ಒಂದೇ ವಾರದಲ್ಲಿ ನಮ್ಮ ತಾಲೂಕಿನ ಅರ್ಧ ಧೂಳು ಅಲ್ಲಿಗೆ ದಾಟಿತ್ತು. ಜರಡಿಯ ಕಣ್ಣು ದೊಡ್ಡದಾದರೆ ಕೆಲಸ ಬೇಗ ಸಾಗುತ್ತದೆ, ಕಲ್ಲೂ ಕಾಳಿನೊಡನೆ ಬರುತ್ತದೆ. ಗಿರಣಿಯ ಮಾಲೀಕನಿಗೆ ಇದನ್ನು ಗ್ಯಾರೇಜಿನಲ್ಲಿ ತಿಳಿಯಬೇಕಾಯಿತು. ದ್ರೌಪದಿ ಡಿಕ್ಕಿ ತೆರೆದು, ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಹಳೆಯ ಕರಿ ಡಬ್ಬಿಯನ್ನು ಮೆಹನಾಜಳ ಕೈಗಿಟ್ಟಳು.

ಸೆನ್ಸರ್ ತೊಳೆದು, ಡಬ್ಬಿ ಕೂಡಿಸಿ, ಪರೀಕ್ಷೆಗೆಂದು ಮೆಹನಾಜ ನನ್ನ ಪಕ್ಕ ಕೂತಳು, ದ್ರೌಪದಿ ಹಿಂದೆ. ನೂರು ಮಾರು ಹೋಗಿರಲಿಲ್ಲ.

"ಕಾಕಾ, ಎಡಗಾಲ ಎಲ್ಲದ?"

"ಕ್ಲಚ್ ಮ್ಯಾಲ."

"ಯಾಕ?"

"ಮತ್ತೆಲ್ಲಿಡ್ಲಿ? ಹದಿನಾರು ವರ್ಷದಿಂದ ಅಲ್ಲೇ ಅದ."

ಆ ಹುಡುಗಿ ಹಣೆ ಬಡಿದುಕೊಂಡಳು. "ಗಾಡಿಗಿ ಉಸಿರ ಕಟ್ಟಿಲ್ಲ ಕಾಕಾ. ಎಂಜಿನ್ ಎಳೀತದ, ನೀವ ಕಾಲಿಲೆ ಕ್ಲಚ್ ಒತ್ತಿ ಅದನ್ನ ಗಾಲಿಯಿಂದ ಬಿಡಿಸ್ತೀರಿ!"

ಹಿಂದಿನ ಸೀಟಿನಿಂದ ಒಂದು ಕೈ ಮುಂದೆ ಬಂತು. ಬಳೆ ಸದ್ದು ಮಾಡಿತು. ಗಡಿಯಾರ ನೋಡಿಕೊಂಡೆ. ಎರಡು ತಾಸು ಗ್ಯಾರೇಜಿನಲ್ಲೇ ಮುಗಿದಿತ್ತು. ಕೀಲಿ ಕೊಟ್ಟೆ.

ಮುಂದಿನದನ್ನು ಹೇಳಲು ನನ್ನಲ್ಲಿ ಪದಗಳಿಲ್ಲ. ಅದೇ ಕಾರು, ಅದೇ ಕಾಗದದ ಫಿಲ್ಟರು. ದ್ರೌಪದಿಯ ಎಡಗಾಲು ಒಂದು ಕಡೆ ಸುಮ್ಮನೆ ಕೂತಿತ್ತು. (ಆ ಮನೆತನದಲ್ಲಿ ಸುಮ್ಮನೆ ಕೂತ ಅಂಗವನ್ನು ಕಂಡದ್ದು ಅದೇ ಮೊದಲು.) ನಾನು ಏದುತ್ತ ಏರುತ್ತಿದ್ದ ದಿಬ್ಬವನ್ನು ಕಾರು ಬೆಣ್ಣೆಯಂತೆ ಜಾರಿ ಏರಿತು. ನಾನು ಎಣ್ಣೆ ಸೋರುವ ಕೆಂಪು ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು, ಹಿಡಿಕೆ ಹಿಡಿದು, ಬಾಯಿ ತೆರೆದು, ದರ್ಶನಕ್ಕೆ ಬಂದ ಭಕ್ತನಂತೆ ಅವಳನ್ನೇ ನೋಡುತ್ತಿದ್ದೆ.

ಮಣ್ಣೂರಿನಲ್ಲಿ ಬಾಗಿಲಿಗೆ ಬಂದ ಅವಳ ತಮ್ಮ ಅಣ್ಣಾರಾಯ ಬೆರಗಾದ.

"ಏನ ಮಸ್ತ್ ಬಂತಕ್ಕಾ ಗಾಡಿ! ಮಾವಾರ್ ಹೊಸಾದೇನರ ಹಾಕ್ಸ್ಯಾರೇನು?"

ದ್ರೌಪದಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೊಸಾದೇನ್ ಹಾಕಿಲ್ಲಪ್ಪಾ. ಹಳೇದೊಂದು ತೆಗದು ಬಾಜೂಕ ಕೂಡ್ಸೇನಿ. ಕೈ ಹಿಡದ ಇಳಸ್ಕೋ, ಧೋತ್ರಕ್ಕೆಲ್ಲ ಎಣ್ಣಿ ಆಗ್ಯಾದ."