ಮತ್ತು ಕೊಡುವವಳ ಸಿಟ್ಟು

ಕನ್ನಡದಲ್ಲಿ ‘ಮತ್ತು’ ಎನ್ನುವ ಶಬ್ದಕ್ಕೆ ಎರಡು ಅರ್ಥ. ಎರಡೂ ನನ್ನ ಹಣೆಯಲ್ಲಿ ಬರೆದಿವೆ. ಒಂದು, ಆಪರೇಷನ್ನಿಗೆ ಮೊದಲು ನಾನು ರೋಗಿಗೆ ಕೊಡುವುದು. ಇನ್ನೊಂದು, ಲಗ್ನಪತ್ರಿಕೆಯ ಕೊನೆಯಲ್ಲಿ ‘ಮತ್ತು ಬಂಧುಮಿತ್ರರು’ ಅಂತ ಬರುತ್ತದಲ್ಲ, ಅದು. ಆಪರೇಷನ್ ಮಾಡಿದವರು ಸರ್ಜನ್ ಸಾಹೇಬರು, ಮತ್ತು ನಾನು. ಬೆಳಗಾವಿಯ ಮರಾಠಿ ಮಂದಿಯಂತೂ ನನ್ನನ್ನು ‘ಭೂಲ್ ಡಾಕ್ಟರ್’ ಎಂದೇ ಕರೆಯುತ್ತಾರೆ. ಮರಾಠಿಯಲ್ಲಿ ಭೂಲ್ ಅಂದರೆ ಅರಿವಳಿಕೆ, ಹಿಂದಿಯಲ್ಲಿ ತಪ್ಪು. ಕರೆದವರು ಯಾವ ಭಾಷೆಯಲ್ಲಿ ಕರೆದರು ಎಂಬುದನ್ನು ಮುಖ ನೋಡಿ ತಿಳಿದುಕೊಳ್ಳಬೇಕು. ಇದನ್ನೆಲ್ಲ ನಾನು ನಗುನಗುತ್ತಲೇ ನುಂಗಿಕೊಂಡವಳು. ಖಾನಾಪುರದಲ್ಲಿ ಆ ದಿನ ಬಂದ ಸಿಟ್ಟನ್ನು ಮಾತ್ರ ಇನ್ನೂ ನುಂಗಲು ಆಗಿಲ್ಲ.

ಅನಗೋಳದ ನಮ್ಮ ಓಣಿಯಲ್ಲಿ ಬಾಜೂ ಮನೆಯ ಅಕ್ಕ ಒಬ್ಬರಿದ್ದಾರೆ. “ನೀವೇನ್ ಬಿಡ್ರಿ, ಒಂದ್ ಸೂಜಿ ಚುಚ್ಚಿ ಕುಂದರೂದು” ಎಂದು ನನ್ನ ಸುಖಕ್ಕೆ ಹೊಟ್ಟೆಕಿಚ್ಚು ಪಡುತ್ತಾರೆ. ಸೂಜಿ ಚುಚ್ಚುವುದು ಹೌದು. ಆಮೇಲೆ ಆಗುವುದೇನೆಂದರೆ, ರೋಗಿಯ ಉಸಿರು ನಿಂತುಬಿಡುತ್ತದೆ. ನಿಲ್ಲಿಸಿದವಳು ನಾನೇ. ಅದು ಮತ್ತೆ ನಡೆಯಬೇಕಾದರೆ ಅವನ ಬಾಯಿ ತೆರೆದು, ನಾಲಿಗೆಯನ್ನು ಎತ್ತಿ ಬದಿಗೆ ಸರಿಸಿ, ಒಳಗೆ ಬೆಳಕು ಬಿಟ್ಟು, ಉಸಿರಿನ ಕೊಳವೆಯೊಳಗೆ ಒಂದು ನಳಿಗೆ ಇಳಿಸಬೇಕು. ಗಂಟಲೆಂದರೆ ನಮ್ಮ ಹಳೇ ವಾಡೆಗಳ ಹಾಗೆ, ಒಂದೇ ಅಂಗಳಕ್ಕೆ ಎರಡು ಬಾಗಿಲು. ಮುಂದಿನದು ಉಸಿರಿನದು, ಹಿಂದಿನದು ಅನ್ನದ್ದು. ಬಾಗಿಲು ತಪ್ಪಿದರೆ ಗಾಳಿ ಹೊಟ್ಟೆಗೆ ಹೋಗುತ್ತದೆ, ರೋಗಿ ನೀಲಿಯಾಗುತ್ತಾನೆ. ಹೊಟ್ಟೆ ತುಂಬಿದ್ದರೆ ಇನ್ನೂ ಕೆಟ್ಟದ್ದು. ತಿಂದದ್ದು ಮೇಲೆ ಬಂದು ಉಸಿರಿನ ಬಾಗಿಲೊಳಗೆ ನುಗ್ಗುತ್ತದೆ. ಮತ್ತಿನಲ್ಲಿದ್ದವನು ಕೆಮ್ಮಿ ಅದನ್ನು ಹೊರಗೆ ಹಾಕಲಾರ.

ಖಾನಾಪುರದ ಸಣ್ಣ ಆಸ್ಪತ್ರೆಯೊಂದಕ್ಕೆ ಆಗ ನಾನು ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮೊಬೈಲು ಇನ್ನೂ ದೊಡ್ಡವರ ಕೈಯಲ್ಲಿ ಮಾತ್ರ ಇದ್ದ ಕಾಲ. ನನ್ನ ಸಾಮಾನು ನನ್ನ ಹೆಗಲಿಗೇ. ನಾಲಿಗೆ ಎತ್ತುವ ಸಾಧನದ ಅಲಗು ಬಾಗಿಕೊಂಡಿರುತ್ತದೆ. ಒಮ್ಮೆ ಕಂಡಕ್ಟರ್ ಚೀಲ ಸವರಿ ನೋಡಿ, “ಅಕ್ಕಾರ, ಕುಡಗೋಲ ತುಗೊಂಡ ಯಾವ ಹೊಲಕ್ಕ ಹೊಂಟೀರಿ?” ಎಂದು ಕೇಳಿದ್ದ.

ಆ ದಿನದ ರೋಗಿ ಪರಸಪ್ಪ ಎಂಬ ರೈತರು. ಪಿತ್ತಕೋಶದಲ್ಲಿ ಹರಳು. ಟೇಬಲ್ಲಿನ ಮೇಲೆ ಮಲಗಿಸಿಯಾಗಿತ್ತು, ಸರ್ಜನ್ ಸಾಹೇಬರು ಕೈ ತೊಳೆಯುತ್ತಿದ್ದರು. ನಳಿಗೆ ಸಲೀಸಾಗಿ ಹೋದೀತೋ ಇಲ್ಲವೋ ನೋಡಲು ನಾನು, “ಬಾಯಿ ದೊಡ್ಡದಾಗಿ ತೆರೀರಿ, ನಾಲಿಗಿ ಹೊರಗ ಹಾಕ್ರಿ” ಎಂದೆ. ಪಾಪ, ಹೇಳಿದ ಹಾಗೆ ಮಾಡಿದರು. ದವಡೆಯ ಹಲ್ಲಿನ ಸಂದಿಯಲ್ಲಿ ಒಂದು ಶೇಂಗಾ ಚೂರು ಕೂತಿತ್ತು.

“ಪರಸಪ್ಪನವರ, ಉಪವಾಸ ಅದೀರಿಲ್ಲೋ?”

“ಕಡಕ್ ಉಪವಾಸ ಅದೀನ್ರಿ.”

“ಹಂಗಾರ ಹಲ್ಲಾಗ ಇದೇನು?”

“ಖಿಚಡ್ಯಾಗಿನ ಶೇಂಗಾ ಇರಬೇಕ್ರಿ.”

ಹೊರಗೆ ಬಂದು ಅವರ ಹೆಂಡತಿ ಶಾಂತವ್ವನನ್ನು ಕೇಳಿದೆ. ಆಕೆ ನಿರಾಳವಾಗಿ ಹೇಳಿದಳು: “ಮುಂಜಾನಿ ಬರೇ ಸಾಬೂದಾಣಿ ಖಿಚಡಿ ರೀ ಬಾಯಾರ, ಎರಡ ಬಾಳಿಹಣ್ಣು. ಅನ್ನ, ರೊಟ್ಟಿ ಮುಟ್ಟಿಸಿಲ್ಲ. ಉಪವಾಸಕ್ಕ ನಡೀತೈತೆಲ್ರೀ. ಆಪರೇಷನ್ ತಡ್ಕೋಬೇಕಂದ್ರ ಮೈಯಾಗ ತ್ರಾಣ ಬೇಕಲ್ರೀ.”

ಯಾರ ಮೇಲೆ ಸಿಟ್ಟಾಗಲಿ? ನರ್ಸ್ ಹೇಳಿದ್ದು ಉಪವಾಸ, ಇವರು ಮಾಡಿದ್ದೂ ಉಪವಾಸ. ‘ಏಕಾದಶಿ, ದುಪ್ಪಟ್ ಖಾಶಿ’, ಏಕಾದಶಿಗೆ ಎರಡು ಪಟ್ಟು ತಿನ್ನುತ್ತೀ, ಎಂದು ನಮ್ಮ ಕಡೆಯ ಮರಾಠಿಯವರು ಸುಮ್ಮನೆ ಅಂದಿಲ್ಲ. ಏಕಾದಶಿಯ ದಿನ ನಮ್ಮ ಮನೆಯಲ್ಲೂ ಉಳಿದ ದಿನಕ್ಕಿಂತ ಒಂದು ಕೈ ಹೆಚ್ಚೇ ಇಳಿಯುತ್ತದೆ. ಹಾಗಾಗಿ ಶಾಂತವ್ವನ ಮೇಲೆ ಬಂದ ಸಿಟ್ಟು ಅರ್ಧಕ್ಕೇ ನಿಂತಿತು. ಉಳಿದ ಅರ್ಧವನ್ನೂ ಬಡ್ಡಿಯನ್ನೂ ಸರ್ಜನ್ ಸಾಹೇಬರು ಪಡೆದುಕೊಂಡರು. ಅವರೂ ಅದೇ ಮಾತು ಆಡಿದರು.

“ಮ್ಯಾಡಮ್, ಒಂದ್ ಬಟ್ಟಲ ಖಿಚಡೀಗಿ ಇಷ್ಟ್ಯಾಕ ಅಂಜತೀರಿ? ಲಗೂನ ನಳಿಗಿ ಹಾಕಿಬಿಡ್ರಿ. ನಡೀತೈತಿ.”

ಈ ‘ನಡೀತೈತಿ’ ಎಂಬ ಶಬ್ದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಓದದವರು ಅಂದರೆ ತಿಳಿಸಿ ಹೇಳಬಹುದು. ನನ್ನ ಹಾಗೆಯೇ ಪುಸ್ತಕ ಓದಿ ಪಾಸಾದ ಮನುಷ್ಯ, ಪಿತ್ತಕೋಶದ ಹರಳು ಎಲ್ಲಿದೆ ಎಂದು ಬಲ್ಲವರು, ಹೊಟ್ಟೆ ಎಲ್ಲಿದೆ ಎಂಬುದನ್ನು ಮರೆತರೆ ಏನು ಮಾಡುವುದು?

“ಈಗ ನಾ ಹಾಕೂದಿಲ್ರಿ. ಹೊಟ್ಟಿ ಖಾಲಿ ಆಗಲಿ, ಸಂಜಿಗಿ ಹಾಕತೀನಿ” ಎಂದೆ.

“ಬೆಳಗಾವ್ಯಾಗ ಭೂಲ್ ಡಾಕ್ಟರ್ ನೀವೊಬ್ರ ಅಲ್ಲ ಮತ್ತ.”

“ಕರಸ್ರಿ. ಅವರಿಗೂ ಆ ಶೇಂಗಾ ತೋರಸ್ರಿ.”

ಸಂಜೆಯ ತನಕ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಎದುರಿನ ಬೆಂಚಿನಲ್ಲಿ ಪರಸಪ್ಪನವರ ಬೀಗರು, ತಮ್ಮಂದಿರು. ಎಲ್ಲರೂ ನನ್ನನ್ನು ಮದುವೆ ಮುರಿದವಳ ಹಾಗೆ ನೋಡಿದರು. ಸರ್ಜನ್ ಸಾಹೇಬರು ಅತ್ತಿತ್ತ ಹಾಯುವಾಗೆಲ್ಲ ಗಡಿಯಾರ ನೋಡಿಕೊಂಡರು. ಸಂಜೆಗೆ ಮತ್ತು ಕೊಟ್ಟೆ. ಪರಸಪ್ಪನವರ ಹೊಟ್ಟೆಯ ಮೇಲೆ ನನಗಿನ್ನೂ ನಂಬಿಕೆ ಇರಲಿಲ್ಲ, ಅದಕ್ಕೆ ಅನ್ನದ ಬಾಗಿಲು ಮುಚ್ಚಿರಲೆಂದು ನರ್ಸಿಗೆ ಗಂಟಲಿನ ಮುಂದಿನ ಉಂಗುರದಂಥ ಮೆದು ಎಲುಬನ್ನು ಬೆರಳಿನಿಂದ ಒತ್ತಿ ಹಿಡಿಯಲು ಹೇಳಿದೆ. ಉಸಿರು ನಿಂತಿತು. ನಾಲಿಗೆ ಎತ್ತಿದೆ. ಒಳಗೆ ಸ್ವರತಂತುಗಳ ಬೆಳ್ಳನೆಯ ಎರಡು ಎಳೆ ಕಂಡವು, ಅವುಗಳ ನಡುವೆ ನಳಿಗೆ ಇಳಿಯಿತು. ಎದೆಯ ಎರಡೂ ಬದಿಗೆ ಕಿವಿಗೊಟ್ಟೆ. ಗಾಳಿ ಬರುತ್ತಿತ್ತು. ಆಮೇಲೆ ನಾನೂ ಉಸಿರಾಡಿದೆ.

ಆಪರೇಷನ್ ಮುಗಿದು ಪರಸಪ್ಪನವರು ಕಣ್ಣು ಬಿಟ್ಟರು. ಶಾಂತವ್ವ ಸರ್ಜನ್ ಸಾಹೇಬರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಂತರ ನನ್ನತ್ತ ತಿರುಗಿ, ಸ್ವಲ್ಪವೂ ಕುಹಕವಿಲ್ಲದೆ ಅಂದಳು: “ನೋಡ್ರಿ ಬಾಯಾರ, ಏನೂ ಆಗಲಿಲ್ಲಲ್ರೀ. ಸುಮ್ನ ಇಡೀ ದಿನ ಹಾಳಾತು.” ಸರ್ಜನ್ ಸಾಹೇಬರು ಮುಗುಳ್ನಕ್ಕರು.

ಬೆಳಗಾವಿಯ ಬಸ್ಸು ಹತ್ತಿ ಕೂತು, ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಉತ್ತರ ಹೊಂದಿಸಿದೆ. ದೇಸೂರು ದಾಟಿದ ಮೇಲೆ ಒಳ್ಳೆಯದೊಂದು ಹೊಳೆಯಿತು. ಮನಸ್ಸಿನಲ್ಲೇ ಶಾಂತವ್ವನಿಗೆ ಹೇಳಿ ನೋಡಿದೆ. ಆ ಉತ್ತರದ ಕೊನೆಗೆ ಪರಸಪ್ಪನವರು ಸತ್ತರು. ಅದನ್ನು ಬಿಟ್ಟು ಸರ್ಜನ್ ಸಾಹೇಬರಿಗೆ ಇನ್ನೊಂದು ಹೇಳಿದೆ. ಅದರಲ್ಲೂ ಸತ್ತರು. ಹೇಗೆ ತಿರುಗಿಸಿದರೂ ನಾನು ಗೆಲ್ಲಬೇಕೆಂದರೆ ಆ ಮನುಷ್ಯ ಟೇಬಲ್ಲಿನ ಮೇಲೆ ಸಾಯಲೇಬೇಕಿತ್ತು. ನಳಿಗೆ ಕೈಗೆತ್ತಿಕೊಂಡಾಗೆಲ್ಲ ಏನೂ ಆಗದಿರಲಿ ಎಂದು ದೇವರಿಗೆ ಹೇಳಿಕೊಳ್ಳುವವಳು ನಾನು. ‘ಏನೂ ಆಗಲಿಲ್ಲ’ ಅಂದಳೆಂದು ಒಬ್ಬ ಹೆಣ್ಣುಮಗಳ ಮೇಲೆ ಇಂದಿಗೂ ಹಲ್ಲು ಮಸೆಯುತ್ತಿರುವವಳೂ ನಾನೇ.